ಹೊರರಾಜ್ಯದ ಬೀಗರು

ಸರಕಾರಿ ಎಂದರೆ ಪುಕ್ಕಟೆ ಎಂಬುದು ಬಮ್ಮಿಗಟ್ಟಿಯ ಮಡಿವಾಳೆಪ್ಪನ ಗಟ್ಟಿ ನಂಬಿಕೆ. ಸರಕಾರಿ ಸಾಲೆ ಪುಕ್ಕಟೆ. ಸರಕಾರಿ ದವಾಖಾನೆಯ ಗುಳಿಗೆ ಪುಕ್ಕಟೆ. ಅವನ ಹೆಂಡತಿ ಅನ್ನವ್ವ ಸರಕಾರಿ ಬಸ್ಸಿನಲ್ಲಿ ಕಲಘಟಗಿಗೆ ಹೋಗಿ ಕೊತ್ತಂಬರಿ ತರುವುದೂ ಪುಕ್ಕಟೆ. ಕೊತ್ತಂಬರಿಗೆ ಮಾತ್ರ ದುಡ್ಡು. ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಮಗಳು ಸೌಂದರ್ಯಾ ಮೊಬೈಲ್ ಹಿಡಿದುಕೊಂಡು ಅವನ ಹಿಟ್ಟಿನ ಗಿರಣಿಗೆ ಓಡಿ ಬಂದು, “ಅಪ್ಪಾ, ಯಾದ್ಯಾಗ ನನ್ನ ಹೆಸರು ಬಂತು. ಹೊರರಾಜ್ಯದ ಸರಕಾರಿ ವಿಶ್ವವಿದ್ಯಾಲಯ” ಎಂದಳು. ಮಡಿವಾಳೆಪ್ಪ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈಯಿಂದಲೇ ಅವಳ ತಲೆ ಸವರಿದ. ಹದಿನೇಳರ ಹುಡುಗಿಯ ಕೂದಲು ಆ ಕ್ಷಣಕ್ಕೆ ಎಪ್ಪತ್ತರದ್ದಾಯಿತು.

“ಛಲೋ ಆತು. ಸರಕಾರಿ ಅಂದಮ್ಯಾಲ ರೊಕ್ಕದ ಮಾತಿಲ್ಲ.”

“ವರ್ಷಕ್ಕ ಒಂದು ಲಕ್ಷ ಅರವತ್ತು ಸಾವಿರ ಅಪ್ಪಾ. ನಾಕು ವರ್ಷ.”

ಮಡಿವಾಳೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. “ಸರಕಾರಿ ಅಂದಿ?”

“ಸರಕಾರೀನ. ಅವರ ರಾಜ್ಯದವ್ರಿಗೆ ಐವತ್ತು ಸಾವಿರ ಅಷ್ಟ. ನಾವು ಹೊರಗಿನವ್ರು, ಅದಕ್ಕ ಜಾಸ್ತಿ.”

“ನಾವ್ಯಾಕ ಹೊರಗಿನವ್ರು? ನಾವು ಇಲ್ಲೇ ಅದೀವಲ್ಲ.”

ಸೌಂದರ್ಯಾ ಹೇಳಬೇಕಾದ ಇನ್ನೊಂದು ಮಾತು ಬಾಕಿಯಿತ್ತು. ಓದುವುದು ಏನು ಎಂದು ಅಪ್ಪ ಕೇಳುವುದನ್ನೇ ಕಾಯುತ್ತಿದ್ದಳು. ಅವನು ಕೇಳಿದ. ಅವಳು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದಳು.

“ಮೀನುಗಾರಿಕಿ.”

ಈಗ ಇಲ್ಲಿ ಒಂದು ವಿಷಯ ತಿಳಿಸಬೇಕು. ಮಡಿವಾಳೆಪ್ಪನದು ಕೊರಳಲ್ಲಿ ಲಿಂಗವಿರುವ ಮನೆತನ. ಮನೆಯಲ್ಲಿ ತತ್ತಿಯ ಹೆಸರೆತ್ತಿದರೆ ಅನ್ನವ್ವ ಒಲೆ ಸಾರಿಸುತ್ತಾಳೆ. ಅವನ ಅಜ್ಜ ಒಮ್ಮೆ ಬಸ್ಸಿನಲ್ಲಿ ಯಾರದೋ ಮೀನಿನ ಬುಟ್ಟಿ ಕಂಡು ನಡುದಾರಿಯಲ್ಲಿ ಇಳಿದು, ಹನ್ನೆರಡು ಕಿಲೋಮೀಟರ್ ನಡೆದು ಬಂದದ್ದನ್ನು ಈಗಲೂ ಮನೆಯವರು ಅಭಿಮಾನದಿಂದ ಹೇಳುತ್ತಾರೆ.

“ತಿನ್ನಬೇಕಾಗ್ತೈತೇನು?” ಎಂದು ಮಡಿವಾಳೆಪ್ಪ ಅಳುಕುತ್ತ ಕೇಳಿದ.

“ಇಲ್ಲಪಾ. ಸಾಕೂದು, ಅವುಕ್ಕ ಬರೂ ಬ್ಯಾನಿ, ನೀರಿನ ಗುಣ, ಅದೆಲ್ಲ. ಹೋದ ವರ್ಷ ನಮ್ಮೂರ ಕೆರ್‍ಯಾಗ ಮೀನೆಲ್ಲಾ ಸತ್ತು ತೇಲಿದ್ವಲ್ಲ, ಯಾಕ ಸತ್ವು ಅಂತ ಒಬ್ರಿಗರೆ ಗೊತ್ತಾತೇನು? ನನಗ ಅದನ್ನ ತಿಳ್ಕೋಬೇಕು.”

“ಎಮ್ಮಿ ಡಾಕ್ಟರ್ ಇದ್ದಂಗ.”

“ಹಂಗ ತಿಳಕೋ.”

ನಮ್ಮ ರಾಜ್ಯದ ಸೀಟು ಅವಳಿಗೆ ಸ್ವಲ್ಪದರಲ್ಲಿ ತಪ್ಪಿತ್ತು. ಈಗ ಉಳಿದದ್ದು ಎರಡು ದಾರಿ. ಪುಕ್ಕಟೆ ಬಸ್ಸಿನಲ್ಲಿ ದಿನಾ ಧಾರವಾಡಕ್ಕೆ ಓಡಾಡಿ ಸಾದಾ ಬಿ.ಎಸ್‌ಸಿ. ಓದುವುದು, ಇಲ್ಲವೇ ಹೊರರಾಜ್ಯ. ಅಂಚೆ ಕಚೇರಿಯಲ್ಲಿ ಅವಳ ಮದುವೆಗೆಂದು ಕೂಡಿಟ್ಟದ್ದು ನಾಲ್ಕು ಲಕ್ಷವಿತ್ತು, ಮಿಕ್ಕದ್ದಕ್ಕೆ ಬ್ಯಾಂಕು. ಶನಿವಾರ ಸಂಜೆ ಐದರೊಳಗೆ ಹೌದೋ ಅಲ್ಲವೋ ತಿಳಿಸಬೇಕು. ತಿಳಿಸದಿದ್ದರೆ ಸೀಟು ಹೋಯಿತು.

“ನಾಕು ಮಂದೀನ ಕೇಳಿ ಹೇಳ್ತೀನಿ,” ಎಂದ ಮಡಿವಾಳೆಪ್ಪ. ಕೇಳುವಾಗ ಮೀನಿನ ಹೆಸರನ್ನು ಮಾತ್ರ ಬಾಯಲ್ಲಿ ತರಕೂಡದೆಂದು ಅಲ್ಲೇ ನಿಶ್ಚಯ ಮಾಡಿಕೊಂಡ. ಅವನ ಜೀವಮಾನದ ತಪ್ಪು ನಿಶ್ಚಯಗಳಲ್ಲಿ ಇದಕ್ಕೆ ಮೊದಲನೆಯ ಸ್ಥಾನ.

ಮೊದಲು ಸಿಕ್ಕವಳು ಬಾಜು ಮನೆಯ ಜುಲೇಖಾಬಿ. ಜೋಳ ಬೀಸಿಸಲು ಬಂದಿದ್ದಳು. ಗಿರಣಿ ಭರಾಟೆಯಿಂದ ತಿರುಗುತ್ತಿತ್ತು. ಅದರ ಸದ್ದಿನಲ್ಲಿ ಮಾತಾಡುವವರು ಅರ್ಧ ಕೂಗಬೇಕು, ಕೇಳುವವರು ಉಳಿದರ್ಧ ಊಹಿಸಬೇಕು.

“ಜುಲೇಖಾಬಿ ಅಕ್ಕಾ, ನಮ್ಮ ಹುಡುಗೀದು ಯಾದಿ ಆಗೈತ್ರಿ,” ಎಂದು ಅವನು ಕೂಗಿದ.

ಯಾದಿ ಎಂದರೆ ಪಟ್ಟಿ. ಕಿರಾಣಿ ಅಂಗಡಿಗೆ ಒಯ್ಯುವುದೂ ಯಾದಿ, ಮತದಾರರದೂ ಯಾದಿ. ಆದರೆ ನಮ್ಮ ಕಡೆ ಹುಡುಗಿಯದು ಯಾದಿ ಆಯಿತೆಂದರೆ ಅದಕ್ಕೆ ಒಂದೇ ಅರ್ಥ. ಗಂಡಿನವರೂ ಹೆಣ್ಣಿನವರೂ ಎದುರುಬದುರು ಕೂತರು, ಬಂಗಾರ ಎಷ್ಟು, ಪಾತ್ರೆ ಭಾಂಡೆ ಎಷ್ಟು, ಊಟದ ಖರ್ಚು ಯಾರದು ಎಂದು ಬರೆದರು, ಕಾಗದಕ್ಕೆ ಅರಿಷಿಣ ಹಚ್ಚಿದರು, ಮದುವೆ ಗಟ್ಟಿಯಾಯಿತು. ಜುಲೇಖಾಬಿಯ ಮುಖ ಅರಳಿತು.

“ಯಾವೂರವ್ರು?”

“ಹೊರರಾಜ್ಯ.”

“ಕೆಲಸ?”

“ಏನು?”

“ಸರಕಾರಿ ಏನು?”

“ಅಗದಿ ಸರಕಾರಿ. ಆದ್ರೂ ವರ್ಷಕ್ಕ ಒಂದು ಲಕ್ಷ ಅರವತ್ತು ಸಾವಿರ ಕೇಳ್ತಾರ್ರಿ.”

ಜುಲೇಖಾಬಿ ಚೀಲ ಹಿಡಿದ ಕೈ ಬಿಟ್ಟಳು. “ವರ್ಷಾ ವರ್ಷಾ?”

“ನಾಕು ವರ್ಷ. ಅವರೂರಾಗಿನ ಹುಡುಗ್ಯಾರಿಗೆ ಕಡಿಮಿ ಐತಂತ. ಹೊರಗಿನವ್ರಿಗೆ ಮೂರು ಪಟ್ಟು.”

“ವಯಸ್ಸೆಷ್ಟು?”

ಮಡಿವಾಳೆಪ್ಪನಿಗೆ ಕೇಳಿಸಿದ್ದು ‘ಎಷ್ಟು ವರ್ಷದ್ದು’ ಎಂದು. “ಐವತ್ತು ದಾಟೈತಿ. ಹಳೇದಾದಷ್ಟೂ ಹೆಸರು ಹೆಚ್ಚಂತ. ಕೊಡಬೇಕೋ ಬಿಡಬೇಕೋ ತಿಳೀವಲ್ದು. ನೀವೇನಂತೀರಿ?”

ಜೋಳ ಇನ್ನೂ ಅರ್ಧ ಬೀಸುವುದಿತ್ತು. ಜುಲೇಖಾಬಿ ಚೀಲ ಅಲ್ಲೇ ಬಿಟ್ಟು ಹೊರಟುಹೋದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ಎಲ್ಲ ಊರಲ್ಲೂ ಇರುತ್ತಾರೆ. ಬಮ್ಮಿಗಟ್ಟಿಯಲ್ಲಿ ಅವರು ಕರುವಿಗೆ ಹೆಸರನ್ನೂ ಇಟ್ಟಿರುತ್ತಾರೆ. ಮಧ್ಯಾಹ್ನದೊಳಗೆ ಇಡೀ ಊರಿಗೆ ಗೊತ್ತಾಯಿತು: ಮಡಿವಾಳೆಪ್ಪ ಮಗಳನ್ನು ಐವತ್ತು ದಾಟಿದ ಸರಕಾರಿ ನೌಕರನಿಗೆ, ಕಂತಿನ ವರದಕ್ಷಿಣೆಯ ಮೇಲೆ ಕೊಡುತ್ತಿದ್ದಾನೆ.

ಸಂಜೆ ಜುಲೇಖಾಬಿಯ ಗಂಡ ನಿಜಾಮಸಾಬ ಬಂದ. ಅವನು ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣದ ಚಿತ್ರ ಬರೆಯುವ ಕೆಲಸಗಾರ. ಸಜ್ಜನ. ಯಾರ ಮನೆಯ ವಿಷಯಕ್ಕೂ ನೇರವಾಗಿ ಕೈ ಹಾಕುವವನಲ್ಲ. ಆದ್ದರಿಂದ ತೊಟ್ಟಿಲಿನಿಂದ ಶುರು ಮಾಡಿದ.

“ಮಡಿವಾಳೆಪ್ಪಣ್ಣ, ತವರಮನಿ ತೊಟ್ಟಲಾ ಅಂದ್ರ ಅರಗಿನ ಬಣ್ಣದ್ದ ಆಗಬೇಕು. ನಾಕು ತಿಂಗಳರೆ ಬೇಕು. ಮೊದಲ ಹೇಳಿದ್ರ ಛಲೋ.”

ಮಡಿವಾಳೆಪ್ಪನಿಗೆ ತೊಟ್ಟಿಲು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಆದರೂ ಮರ್ಯಾದೆಯಿಂದ ಉತ್ತರ ಕೊಟ್ಟ. “ಅದಕ್ಕೇನವಸರ? ನಾಕು ವರ್ಷ ಹೋಗ್ಲಿ. ಮೊದಲ ಆಕಿ ಮುಗಿಸಿ ಹೊರಗ ಬರ್ಲಿ.”

“ಹೊರಗ ಬರ್ತಾಳ?”

“ನಾಕು ವರ್ಷ ಆದ್ಮ್ಯಾಲ ಯಾರನ್ನೂ ಇಟ್ಕೋಳೂದಿಲ್ಲ. ಕೈಯಾಗ ಒಂದು ಕಾಗದ ಕೊಟ್ಟು ಕಳಸ್ತಾರ.”

“ಕಾಗದ ಕೊಟ್ಟು?”

“ಹೂಂ. ಅದನ್ನ ಕೊಡೂಮುಂದ ಕರೀ ಗೌನ್ ಹಾಕಿ ಫೋಟೋ ತಗಸ್ತಾರಂತ. ನಮ್ಮನ್ನೂ ಕರೀತಾರ.”

ನಿಜಾಮಸಾಬ ತನ್ನ ಐವತ್ತೆಂಟು ವರ್ಷದಲ್ಲಿ ಇಂಥ ತಲಾಖನ್ನು ಕೇಳಿರಲಿಲ್ಲ. ಅನ್ನವ್ವ ತಂದಿಟ್ಟ ಚಹಾ ಹಾಗೇ ಬಿಟ್ಟು, “ಅಲ್ಲಾ ಛಲೋದು ಮಾಡ್ಲಿ” ಎಂದು ಎದ್ದು ಹೋದ. ಮಡಿವಾಳೆಪ್ಪ ಹೆಂಡತಿಯ ಕಡೆ ತಿರುಗಿ, “ಮೀನಿನ ಸುದ್ದಿ ಹೆಂಗೋ ಗೊತ್ತಾಗೈತಿ. ಅದಕ್ಕ ಮುಖ ಸಣ್ಣ ಮಾಡ್ಕೊಂಡು ಹೋದ” ಎಂದ. ನಿಜಾಮಸಾಬನ ಮನೆಯಲ್ಲಿ ವಾರಕ್ಕೆರಡು ಸಲ ಮೀನು ಬೇಯುತ್ತದೆಂಬುದು ಅವನಿಗೆ ನೆನಪಾಗಲಿಲ್ಲ.

ಗುರುವಾರ ಊರಿನ ಹೆಂಗಸರು ಸೌಂದರ್ಯಾಳನ್ನು ಕಂಡಲ್ಲೆಲ್ಲ ಕೆನ್ನೆ ಸವರಿ ನಿಟ್ಟುಸಿರು ಬಿಟ್ಟರು. ಹೊರರಾಜ್ಯಕ್ಕೆ ಹೋಗುವೆನೆಂದು ಇವರಿಗೆಲ್ಲ ಇಷ್ಟು ಮರುಕವೇ ಎಂದು ಅವಳಿಗೂ ಕಣ್ಣು ತುಂಬಿತು. ಅದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಶುಕ್ರವಾರ ಅಂಗನವಾಡಿ ಕಾರ್ಯಕರ್ತೆ ನಸ್ರೀನ್ ಗಿರಣಿಗೆ ಬಂದಳು. ಕೈಯಲ್ಲಿ ರಜಿಸ್ಟರ್, ಮುಖದಲ್ಲಿ ಸರಕಾರ. ಊರಲ್ಲಿ ಎಳೆ ವಯಸ್ಸಿನ ಹುಡುಗಿಯರ ಮದುವೆ ಆಗದಂತೆ ಕಾಯುವುದು ಅವಳ ಜವಾಬ್ದಾರಿ.

“ಸೌಂದರ್ಯಾಗ ವಯಸ್ಸೆಷ್ಟ್ರಿ?”

“ಹದಿನೇಳು ಮುಗದು ಹನ್ನೊಂದನೇ ತಿಂಗಳು ನಡದೈತ್ರಿ.”

“ಹದಿನೆಂಟು ತುಂಬಿಲ್ಲ. ಗೊತ್ತಿದ್ದೂ ಯಾದಿಗೆ ಒಪ್ಪೀರಿ?”

“ಹದಿನೇಳಕ್ಕ ನಡೀತೈತ್ರಿ ಮೇಡಂ. ಎಲ್ಲಾರೂ ಹದಿನೇಳಕ್ಕ ಹೋಗ್ತಾರ. ತಡಾ ಮಾಡಿದ್ರ ತಗೋಳೂದಿಲ್ಲ.”

ನಸ್ರೀನ್ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. “ಇದು ತಪ್ಪು ಕೆಲಸ್ರಿ.”

ಮಡಿವಾಳೆಪ್ಪ ತಲೆ ತಗ್ಗಿಸಿದ. ಅವನ ಮನಸ್ಸಿನಲ್ಲಿ ಮೀನುಗಳು ಓಡಾಡಿದವು. “ನಮ್ಮ ಮನಿತನದಾಗ ಇದ ಮೊದಲನೇದು, ಖರೆ. ನನಗೂ ಅಳುಕ ಐತಿ. ಆದ್ರ ಹುಡುಗೀಗೆ ಮನಸೈತ್ರಿ. ಆಸೆಪಟ್ಟು ತಾನ ಅರ್ಜಿ ಹಾಕ್ಯಾಳ.”

“ತಾನ ಹಾಕ್ಯಾಳ? ಅಷ್ಟು ಹಳೇದಕ್ಕ?”

“ಅಂಥಾ ಹನ್ನೆರಡು ಕಡೆ ಹಾಕಿದ್ಳರಿ. ಇದೊಂದ ಕಡೆ ಒಪ್ಪಿದ್ರು.”

ನಸ್ರೀನ್ ರಜಿಸ್ಟರ್ ಮುಚ್ಚಿದಳು. ನಾಳೆ ತಾನೇ ಮನೆಗೆ ಬರುವುದಾಗಿಯೂ, ಅಷ್ಟರೊಳಗೆ ಇದನ್ನು ಕೈಬಿಡದಿದ್ದರೆ ಮೇಲಿನವರಿಗೆ ಫೋನ್ ಹೋಗುವುದಾಗಿಯೂ ತಿಳಿಸಿ ಹೊರಟಳು. ಮೀನು ಓದುವುದರ ಮೇಲೆ ಸರಕಾರ ಇಷ್ಟು ಕಟ್ಟುನಿಟ್ಟು ಯಾವಾಗ ಮಾಡಿತೆಂದು ಮಡಿವಾಳೆಪ್ಪ ಸಂಜೆಯವರೆಗೂ ಯೋಚಿಸಿದ.

ಅತ್ತ ಅಣ್ಣಿಗೇರಿಯಲ್ಲಿ ಅವನ ಅಣ್ಣ ಕಾಶಿನಾಥನಿಗೂ ಸುದ್ದಿ ಮುಟ್ಟಿತು. ಕಾಶಿನಾಥ ಕಾಳುಕಡಿ ವ್ಯಾಪಾರದ ದೊಡ್ಡ ಕುಳ. ಮನೆತನದಲ್ಲಿ ಈ ಮೂವತ್ತು ವರ್ಷದಲ್ಲಿ ಅವನ ಕೈಬರಹವಿಲ್ಲದ ಒಂದು ಯಾದಿಯೂ ಆಗಿಲ್ಲ. ತನ್ನನ್ನು ಬಿಟ್ಟು ಯಾದಿ ಮಾಡಿದರೆಂಬ ಸಿಟ್ಟಿನಲ್ಲಿ ತನ್ನ ಹೆಂಡತಿಯಿಂದ ಅನ್ನವ್ವನಿಗೆ ಫೋನ್ ಮಾಡಿಸಿದ. ಅನ್ನವ್ವ ಪಾಪ, ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನೆಗೆಣ್ಣಿಯ ಮುಂದೆ ಹೇಳಿಬಿಟ್ಟಳು: “ಎಲ್ಲಾ ಛಲೋ ಐತಿ ಅಕ್ಕಾ, ಆದ್ರ ಮೀನಿಂದು. ಅದ ಒಂದು ನನಗ ಕಸಿವಿಸಿ.”

ಶನಿವಾರ ನಾಲ್ಕೂವರೆ ದಾಟಿದ ಮೇಲೆ ಕಾಶಿನಾಥನ ಕಾರು ಮಡಿವಾಳೆಪ್ಪನ ಮನೆ ಮುಂದೆ ನಿಂತಿತು. ಕಟ್ಟೆಯ ಮೇಲೆ ಆಗಲೇ ನಿಜಾಮಸಾಬ, ಜುಲೇಖಾಬಿ, ರಜಿಸ್ಟರ್ ಸಮೇತ ನಸ್ರೀನ್, ಹಿಂದೆ ಏಳೆಂಟು ಮಂದಿ. ಹೊಸ್ತಿಲಲ್ಲಿ ಸೌಂದರ್ಯಾ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಅಪ್ಪ ಇನ್ನೂ ಹೌದೆಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ.

“ಲೇ ಮಡಿವಾಳಾ, ಯಾದಿ ಎಲ್ಲೈತಿ?” ಎಂದ ಕಾಶಿನಾಥ.

“ಮೊಬೈಲ್‌ನ್ಯಾಗ ಐತಣ್ಣಾ.”

“ಮೊಬೈಲ್‌ನ್ಯಾಗ ಯಾದಿ. ಕಲಿಗಾಲ. ಇರ್ಲಿ, ಆದದ್ದಾತು, ಇದನ್ನ ಬಿಟ್ಟು ಬಿಡು. ಮೀನಿನ ಮಂದಿ ನಮಗ ಹೊಂದೂದಿಲ್ಲ. ನವಲಗುಂದದಾಗ ಒಂದು ಅಗದಿ ಛಲೋದು ಐತಿ. ಅದಾದ್ರ ನಾನ ಎರಡು ಲಕ್ಷ ಹಾಕ್ತೀನಿ.”

ಮಡಿವಾಳೆಪ್ಪ ಅಣ್ಣನ ದೊಡ್ಡ ಮನಸ್ಸಿಗೆ ಕೈ ಮುಗಿದ. “ನವಲಗುಂದದಾಗ ಈಕಿಗೆ ಬೇಕಾದದ್ದು ಇಲ್ಲಣ್ಣಾ. ಅದಕ್ಕ ಸಮುದ್ರ ಹತ್ರ ಇರಬೇಕಂತ.”

“ದೊಡ್ಡಪ್ಪಾ, ನಾನೊಂದು ಮಾತು…” ಎಂದು ಸೌಂದರ್ಯಾ ಶುರು ಮಾಡಿದಳು.

“ದೊಡ್ಡವ್ರು ಮಾತಾಡೂಮುಂದ ಹುಡುಗಿ ಬಾಯಿ ಹಾಕಬಾರದು. ಇದು ನಿನ್ನ ವಿಷಯ.”

ಆಗ ಮಡಿವಾಳೆಪ್ಪನ ಮೊಬೈಲ್ ರಿಂಗಾಯಿತು. ಹೊರರಾಜ್ಯದ ನಂಬರು. ಅವನು ಮಾತಾಡುವ ಮೊದಲೇ ಕಾಶಿನಾಥ ಮೊಬೈಲ್ ಕಸಿದುಕೊಂಡು, ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ಆ ಕಡೆ ಇದ್ದವನು ವಿಶ್ವವಿದ್ಯಾಲಯದ ಗುಮಾಸ್ತ. ಗಡಿಯಾಚೆಯ ಜತ್ತದ ಕಡೆಯವನು, ಮನೆಮಾತು ಕನ್ನಡ. ಉತ್ತರ ಬಾರದವರಿಗೆಲ್ಲ ಬೆಳಗಿನಿಂದ ಫೋನ್ ಮಾಡಿ ಮಾಡಿ ಬೇಸತ್ತಿದ್ದ.

“ಸೌಂದರ್ಯಾ ಮಡಿವಾಳೆಪ್ಪ ಅವರ ಮನಿ ಏನ್ರಿ? ನೀವು ಇನ್ನೂ ಹೌದು ಅಂದಿಲ್ಲ.”

“ನಮಸ್ಕಾರ್ರಿ ಬೀಗರ. ನಾನು ಹುಡುಗಿ ದೊಡ್ಡಪ್ಪ. ಯಾದಿ ವಿಷಯ ಮಾತಾಡೂದೈತಿ. ರೊಕ್ಕ ಭಾಳ ಆತು, ಸ್ವಲ್ಪ ಕಡಿಮಿ ಮಾಡ್ಕೋರಿ.”

“ಕಡಿಮಿ ಮಾಡಾಕ ಬರೂದಿಲ್ರಿ. ಹೊರರಾಜ್ಯದವ್ರಿಗೆಲ್ಲಾ ಇದ.”

“ಎಲ್ಲಾರಿಗೂ? ಎಷ್ಟು ಮಂದೀನ ಕೇಳೀರಿ ನೀವು?”

“ಈ ವರ್ಷ ಹೊರರಾಜ್ಯದ್ದು ಹನ್ನೆರಡು ತಗೋತೀವ್ರಿ.”

ಕಟ್ಟೆಯ ಮೇಲೆ ಜುಲೇಖಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನಸ್ರೀನ್ ರಜಿಸ್ಟರ್ ತೆಗೆದಳು. ಕಾಶಿನಾಥನ ದನಿ ಏರಿತು.

“ಹುಡುಗೀನ ಒಂದು ಸಲಾನೂ ನೋಡದ ಹೆಂಗ ಒಪ್ಪಿದ್ರಿ?”

“ನೋಡಿ ಏನ್ಮಾಡೂದ್ರಿ, ಕಾಗದಪತ್ರ ನೋಡೀವಿ.”

“ಆತು. ಈಕಿ ಬಂದ್ರ ಎಲ್ಲಿರ್ತಾಳ? ಮನ್ಯಾಗ ಎಷ್ಟು ಮಂದಿ?”

“ನಮ್ಮಲ್ಲೇ ಇರ್ತಾಳ್ರಿ. ಈಗಾಗಲೇ ಮುನ್ನೂರು ಹುಡುಗ್ಯಾರು ಅದಾರ. ಒಂದು ಖೋಲ್ಯಾಗ ನಾಕು.”

“ಪೊಲೀಸರಿಗೇ ಹೇಳಬೇಕ್ರಿ ಇದನ್ನ,” ಎಂದು ನಸ್ರೀನ್ ಎದ್ದು ನಿಂತಳು.

“ನಾವು ಒಲ್ಲೆ ಅಂದ್ರ?” ಎಂದು ಕಾಶಿನಾಥ ಕೇಳಿದ.

“ಒಲ್ಲೆ ಅಂದ್ರ ಬಿಡ್ರಿ. ಮುಂದಿನ ಹುಡುಗಿ ಬೆಳಗಿಂದ ನಾಕು ಸಲ ಫೋನ್ ಮಾಡ್ಯಾಳ, ನನಗ ಸಿಗ್ತೈತೇನ್ರಿ ಅಂತ. ಐದಕ್ಕ ಇನ್ನ ಹನ್ನೊಂದು ನಿಮಿಷ ಐತಿ.”

“ದೊಡ್ಡಪ್ಪಾ, ಅದು ಕಾಲೇಜು,” ಎಂದಳು ಸೌಂದರ್ಯಾ. ಈ ಸಲ ಕೇಳದೆ ಬಾಯಿ ಹಾಕಿದಳು. “ನನಗ ಕಾಲೇಜಿನ ಸೀಟ್ ಸಿಕ್ಕೈತಿ. ಮೀನಿನ ಬಗ್ಗೆ ಓದಾಕ ಹೊಂಟೀನಿ. ಗಂಡಿಲ್ಲ, ಬೀಗರಿಲ್ಲ, ಯಾರಿಲ್ಲ.”

ಮೊದಲು ಚೇತರಿಸಿಕೊಂಡವಳು ನಸ್ರೀನ್. ರಜಿಸ್ಟರಿನಲ್ಲಿ ಬರೆದದ್ದನ್ನು ಹೊಡೆದು ಹಾಕತೊಡಗಿದಳು. ನಿಜಾಮಸಾಬ ಹೆಂಡತಿಯ ಕಡೆ ನೋಡಿದ. ಜುಲೇಖಾಬಿ, “ಗಿರಣಿ ಸಪ್ಪಳಾ ಭಾಳ ಇತ್ತು” ಎಂದಳು. ಮಡಿವಾಳೆಪ್ಪನಿಗೆ ತೊಟ್ಟಿಲು, ಕಾಗದ, ಕಾನೂನು, ನವಲಗುಂದ ಎಲ್ಲ ಒಂದೊಂದಾಗಿ ಅರ್ಥವಾಗುತ್ತ ಬಂದು, ಅವನು ಮೆಲ್ಲಗೆ ಕಂಬಕ್ಕೊರಗಿದ.

ಕಾಶಿನಾಥ ಮಾತ್ರ ಇನ್ನೂ ಲೆಕ್ಕದಲ್ಲಿದ್ದ. “ಕಾಲೇಜಿಗೆ ಆರೂವರಿ ಲಕ್ಷ? ಮದುವಿ ಆದ್ರ ಮಾತು ಬ್ಯಾರೆ, ಒಮ್ಮೆ ಕೊಟ್ರ ಕೈತೊಳಕೊಂಡ್ವಿ. ಓದಿಗೆ ಇಷ್ಟು ಸುರದ್ರ ತಿರುಗಿ ಬರ್ತೈತಂತ ಯಾರು ಬರಕೊಟ್ಟಾರ? ಧಾರವಾಡ ಕೈಯಾಗಿಟ್ಕೊಂಡು ಮೀನಿಗೆ ಬೆನ್ನು ಹತ್ತೂದು ಬ್ಯಾಡ. ಬಿಡು ಮಡಿವಾಳಾ. ಆ ಮುಂದಿನ ಹುಡುಗಿ ತಗೋಳ್ಳಿ.”

ಆ ಮಾತಿನೊಂದಿಗೆ ಎರಡು ಲಕ್ಷದ ಪ್ರಸ್ತಾಪವೂ ಕಾರು ಹತ್ತಿ ಕೂತಿತು. ಸುತ್ತಲಿನವರು ಹೌದ್ಹೌದೆಂದು ತಲೆಯಾಡಿಸಿದರು. ಯಾರ ಮಾತಿನಲ್ಲೂ ತಪ್ಪೇನಿರಲಿಲ್ಲ. ಮಡಿವಾಳೆಪ್ಪನಿಗೇ ಮೂರು ದಿನದಿಂದ ಅನಿಸಿದ್ದೂ ಅದೇ.

ಅವನು ಮಗಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ದೊಡ್ಡಪ್ಪನ ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತಿದ್ದಳು. ಮಡಿವಾಳೆಪ್ಪನಿಗೆ ಇದ್ದಕ್ಕಿದ್ದಂತೆ ಆ ಇನ್ನೊಬ್ಬಳ ಮೇಲೆ, ಹೆಸರು ಗೊತ್ತಿಲ್ಲದ ಆ ಮುಂದಿನ ಹುಡುಗಿಯ ಮೇಲೆ ವಿಪರೀತ ಸಿಟ್ಟು ಬಂತು. ತನ್ನ ಮಗಳು ಪುಕ್ಕಟೆ ಬಸ್ಸಿನಲ್ಲಿ ಧಾರವಾಡಕ್ಕೆ ನಿಂತುಕೊಂಡು ಹೋಗುವಾಗ ಅವಳು ಅಲ್ಲಿ ಸಮುದ್ರದ ದಂಡೆಯಲ್ಲಿ ಕೂತಿರುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು. ಅವನು ಅಣ್ಣನ ಕೈಯಿಂದ ಮೊಬೈಲ್ ತೆಗೆದುಕೊಂಡ. ಹುಟ್ಟಿದಾಗಿನಿಂದ ಅಣ್ಣನ ಕೈಯಿಂದ ಅವನು ಏನನ್ನೂ ಹಾಗೆ ತೆಗೆದುಕೊಂಡವನಲ್ಲ.

“ಸಾಹೇಬ್ರ,” ಎಂದ. “ನಾನು ಹುಡುಗಿ ಅಪ್ಪ. ಆ ಮುಂದಿನ ಹುಡುಗಿಗೆ ಫೋನ್ ಮಾಡಿ ಹೇಳ್ರಿ, ಇನ್ನ ಕಾಯಬ್ಯಾಡ ಅಂತ.”

“ಅಂದ್ರ ಹೌದು ಅಂತ ಬರಕೊಳ್ಳೇನ್ರಿ?”

“ಹೌದು ಅಂತ ಬರಕೋರಿ. ದಪ್ಪಕ್ಷರದಾಗ ಬರಕೋರಿ.”

ಸೌಂದರ್ಯಾ ಮೊಬೈಲ್ ಇಸಿದುಕೊಂಡು ಒಳಗೆ ಓಡಿ, ಒತ್ತಬೇಕಾದದ್ದನ್ನೆಲ್ಲ ಒತ್ತಿ, ಐದಕ್ಕೆ ಮೂರು ನಿಮಿಷವಿರುವಾಗ ಹೊರಗೆ ಬಂದಳು. ಕೂಡಿದ ಮಂದಿ ನಗುತ್ತ ಚದುರಿದರು. ಕಾಶಿನಾಥ ಮುಖ ಬಿಗಿದುಕೊಂಡು ಕಾರಿನತ್ತ ಹೋದವನು ಬಾಗಿಲು ತೆಗೆದು ಒಂದು ಗಳಿಗೆ ನಿಂತ.

“ಓದಿ ಮುಗದ್ಮ್ಯಾಲ ಮಂದಿ ನಿನ್ನ ಏನಂತ ಕರೀತಾರ?”

“ಎಮ್ಮಿ ಡಾಕ್ಟರ್ ಇದ್ದಂಗ ದೊಡ್ಡಪ್ಪಾ, ಮೀನಿನ ಡಾಕ್ಟರ್.”

“ಡಾಕ್ಟರ್ ಅಂದ್ರ ಸಾಕು,” ಎಂದ ಕಾಶಿನಾಥ. “ಬೀಗರ ಮನ್ಯಾಗ ಅಷ್ಟ ಹೇಳ್ತೀನಿ. ಯಾತರ ಡಾಕ್ಟರ್ ಅಂತ ಯಾರೂ ಕೇಳೂದಿಲ್ಲ.” ಕಾರು ಅಣ್ಣಿಗೇರಿಯ ದಾರಿ ಹಿಡಿಯಿತು.

ಕಟ್ಟೆಯ ಮೇಲೆ ತಂದೆ ಮಗಳು ಇಬ್ಬರೇ ಉಳಿದರು. ಮಡಿವಾಳೆಪ್ಪನ ಧೈರ್ಯ ಕಾರಿನ ಧೂಳಿನ ಜೊತೆಗೇ ಇಳಿಯತೊಡಗಿತ್ತು. ಒಳಗೆ ಕೇಳಿಸದಂತೆ ಮೆಲ್ಲಗೆ ಕೇಳಿದ:

“ಈಗ ಖರೆ ಹೇಳು ತಂಗಿ. ಇಷ್ಟು ರೊಕ್ಕಕ್ಕ ಅದು ತಕ್ಕದ್ದು ಹೌದಲ್ಲ?”

ಸೌಂದರ್ಯಾಳ ಬಾಯಿಗೆ ಹೌದೆಂಬ ಮಾತು ಬಂದಿತ್ತು. ಅಪ್ಪನ ಮುಖ ನೋಡಿ ಅದನ್ನು ನುಂಗಿಕೊಂಡಳು. “ಗೊತ್ತಿಲ್ಲಪಾ,” ಎಂದಳು. “ನನಗೂ ಅಂಜಿಕಿ ಐತಿ. ಹೋಗಿ ನೋಡಿ ಹೇಳ್ತೀನಿ.”

ಒಳಗಿನಿಂದ ಅನ್ನವ್ವನ ದನಿ ಬಂತು. “ಏನಂತಾಳ್ರಿ ಆಕಿ? ರೊಕ್ಕ ದಂಡ ಆಗೂದಿಲ್ಲ ಹೌದಲ್ಲ?”

ಮಡಿವಾಳೆಪ್ಪ ಮಗಳ ಕಡೆ ಒಮ್ಮೆ ನೋಡಿದ. ಆಮೇಲೆ ಒಳಗೆ ಕೇಳುವಂತೆ ದೊಡ್ಡದಾಗಿ ಹೇಳಿದ: “ಇಲ್ಲಂತ. ಅಗದಿ ಗ್ಯಾರಂಟಿ ಅಂತ.”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ. ಮಗಳ ಓದಿಗೆ ಮಡಿವಾಳೆಪ್ಪನಿಗೆ ಒಂದೇ ಸಾಕಾಯಿತು.